ತುಕ್ಕು ಹೇಳದೆ ಬರುವುದಿಲ್ಲ



ಈ ಸಂಚಿಕೆಯಲ್ಲಿ ನಾವು ತುಕ್ಕಿನ ವಿಷಯ ಬರೆಯಲು ಹೊರಟಿದ್ದೇವೆ. ಕೂಲಿ, ಬೋನಸ್, ಸೋರುವ ಲೈನ್ ಮನೆ, ದೂರದ ಆಸ್ಪತ್ರೆ, ಇಷ್ಟೆಲ್ಲ ಮಾತನಾಡುವುದಿರುವಾಗ ತುಕ್ಕಿನ ಮಾತು ಯಾತಕ್ಕೆ ಎಂದು ನೀವು ಕೇಳಬಹುದು. ಕಾರಣ ಇದೆ. ನಮ್ಮ ಲೈನುಗಳಲ್ಲಿ ಹುಟ್ಟಿ ಬೆಳೆದ ಎಷ್ಟೋ ಹುಡುಗರು ಇಂದು ತೋಟದಲ್ಲಿಲ್ಲ. ಘಟ್ಟ ಇಳಿದು ಹೊಸೂರು, ಕೊಯಮತ್ತೂರು, ಕೊಚ್ಚಿಯ ಕಡೆಗೆ ಕೆಲಸ ಹುಡುಕಿಕೊಂಡು ಹೋಗಿದ್ದಾರೆ. ಔಷಧ, ಗೊಬ್ಬರ, ಬಣ್ಣ, ಆಸಿಡ್ಡು, ಎಣ್ಣೆ ತಯಾರಿಸುವ ಕಾರ್ಖಾನೆಗಳನ್ನು ಸೇರಿದವರೂ ಅವರಲ್ಲಿದ್ದಾರೆ. ಕಾಯಂ ಕೆಲಸ ಸಿಕ್ಕಿದವರು ಸ್ವಲ್ಪ ಜನ. ಉಳಿದವರು ಕಾಂಟ್ರಾಕ್ಟರ ಕೈಕೆಳಗಿನ ಆಳುಗಳು. ಪೈಪಿನ ತುಕ್ಕು ಕೆರೆಯುವುದು, ಬಣ್ಣ ಹೊಡೆಯುವುದು, ಟ್ಯಾಂಕಿನೊಳಗೆ ಇಳಿದು ಕೆಸರು ಬಾಚುವುದು, ಬಿಸಿ ಪೈಪಿನ ಮೇಲಿನ ಹೊದಿಕೆ ಬಿಚ್ಚುವುದು, ವೆಲ್ಡರನ ಪಕ್ಕ ಸಹಾಯಕ್ಕೆ ನಿಲ್ಲುವುದು, ಇಂಥವೇ ಅವರ ಪಾಲಿಗೆ ಬರುವ ಕೆಲಸ. ಆದ್ದರಿಂದ ಕಾರ್ಖಾನೆಯ ತುಕ್ಕನ್ನು ಎಲ್ಲರಿಗಿಂತ ಮೊದಲು ಕಣ್ಣಾರೆ ಕಾಣುವವರು ಅವರು. ಆ ತುಕ್ಕಿನಿಂದ ಅನಾಹುತವಾದಾಗ ಎಲ್ಲರಿಗಿಂತ ಹತ್ತಿರ ನಿಂತಿರುವವರೂ ಅವರೇ.

ನಾವು ಹೇಳಬೇಕೆಂದಿರುವುದು ಒಂದು ಮಾತು. ರಾಸಾಯನಿಕ ಕಾರ್ಖಾನೆಯಲ್ಲಿ ತುಕ್ಕು ಹೇಳದೆ ಕೇಳದೆ ಬಂದು ಬೀಳುವ ಸಿಡಿಲಲ್ಲ. ಅದು ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಮುಂಚೆಯೇ ಸೂಚನೆ ಕೊಡುತ್ತದೆ. ಆ ಸೂಚನೆಯನ್ನು ಕಂಡವನ ಮಾತಿಗೆ ಬೆಲೆ ಇರುವ ಕಡೆ ಜೀವ ಉಳಿಯುತ್ತದೆ. ಬೆಲೆ ಇಲ್ಲದ ಕಡೆ ಎಂಥ ಉತ್ತಮ ಉಕ್ಕನ್ನು ತಂದು ಹಾಕಿದರೂ ಪ್ರಯೋಜನವಿಲ್ಲ.

ತುಕ್ಕು ಎಂದರೇನು ಎಂದು ತಿಳಿಯಲು ನಮಗೆ ದೊಡ್ಡ ಪುಸ್ತಕ ಬೇಕಿಲ್ಲ. ಕಾಫಿ ತೋಟದಲ್ಲಿ ಬೋರ್ಡೋ ಔಷಧ ಕಲಸಿದವರೆಲ್ಲ ಅದನ್ನು ಕಂಡಿದ್ದಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಲಸಿ ಆದ ಮೇಲೆ ಚೆನ್ನಾಗಿ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು ಎಂದು ಅರ್ಥ. ಆ ಕೆಂಪು ಸುಮ್ಮನೆ ಬಂದದ್ದಲ್ಲ. ನೀರಿನಲ್ಲಿದ್ದ ತಾಮ್ರ ಕತ್ತಿಗೆ ಅಂಟಿಕೊಳ್ಳುವಾಗ ಕತ್ತಿಯ ಕಬ್ಬಿಣ ಕರಗಿ ನೀರಿಗೆ ಇಳಿದಿರುತ್ತದೆ. ಈ ಔಷಧವನ್ನು ಕಬ್ಬಿಣದ ಡ್ರಮ್ಮಿನಲ್ಲಾಗಲಿ ತಗಡಿನ ಬಕೆಟ್ಟಿನಲ್ಲಾಗಲಿ ಕಲಸಬಾರದು, ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಲಸಬೇಕು ಎಂದು ಹೇಳುವುದು ಇದಕ್ಕಾಗಿಯೇ. ಲೋಹ, ಅದನ್ನು ಮುಟ್ಟಿದ ನೀರು, ನೀರಿನಲ್ಲಿ ಕರಗಿದ ವಸ್ತು, ಈ ಮೂರರ ವ್ಯವಹಾರವೇ ಲೋಹದ ಸವೆತ. ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ಪಾತ್ರೆ ದೊಡ್ಡದು, ಒಳಗಿನ ವಸ್ತು ಹೆಚ್ಚು ಅಪಾಯದ್ದು, ಅಷ್ಟೆ.

ಕಬ್ಬಿಣ ಗಣಿಯಲ್ಲಿ ಸಿಗುವುದು ಕೆಮ್ಮಣ್ಣಿನಂಥ ಅದಿರಾಗಿ. ಬೆಂಕಿಯ ಬಲದಿಂದ ನಾವು ಅದನ್ನು ಕಬ್ಬಿಣ ಮಾಡುತ್ತೇವೆ. ನೀರು, ಗಾಳಿ ಎರಡೂ ಸಿಕ್ಕಿದರೆ ಅದು ಮತ್ತೆ ಕೆಮ್ಮಣ್ಣಾಗಲು ನೋಡುತ್ತದೆ. ಉಪ್ಪು, ಆಸಿಡ್ಡು ಸೇರಿದರೆ ಇನ್ನೂ ಬೇಗ. ನಮ್ಮ ಲೈನಿನ ಛಾವಣಿಯ ತಗಡಿಗೆ ಸತುವಿನ ಲೇಪ ಇರುತ್ತದೆ. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಮೊಳೆ ಹೊಡೆದ ಕಡೆ, ಗೀರು ಬಿದ್ದ ಕಡೆ, ಎಲೆ ಕೊಳೆತು ಸದಾ ಒದ್ದೆ ಇರುವ ಕಡೆ ಸತು ತೀರಿಹೋಗಿ ಮೊದಲ ತೂತು ಬೀಳುತ್ತದೆ. ತಗಡು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಹೇಳುವ ಅನಾಹುತಗಳಲ್ಲಿ ಇದು ಮತ್ತೆ ಬರುತ್ತದೆ.

ಕಾರ್ಖಾನೆಯವರಿಗೆ ತುಕ್ಕನ್ನು ತಡೆಯುವ ದಾರಿ ಗೊತ್ತಿಲ್ಲವೆಂದಲ್ಲ. ದಾರಿಗಳು ಬಹಳ ಇವೆ, ಹಳೆಯವೂ ಹೌದು. ಹಡಗಿನ ತಳಕ್ಕೆ ಹೊದಿಸಿದ ತಾಮ್ರವನ್ನು ಉಪ್ಪುನೀರು ತಿನ್ನದಂತೆ ಸತುವಿನ ಅಥವಾ ಕಬ್ಬಿಣದ ತುಂಡನ್ನು ಅದಕ್ಕೆ ತಗುಲಿಸಿ ಕಾಯಬಹುದೆಂದು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲೇ ತೋರಿಸಿದ್ದ. ನೆಲದಡಿಯ ಪೈಪುಗಳಿಗೂ ಟ್ಯಾಂಕಿನ ತಳಕ್ಕೂ ಇಂದು ಸತು, ಮೆಗ್ನೀಷಿಯಂ ತುಂಡುಗಳನ್ನು ಕಟ್ಟುವುದು, ಅಥವಾ ಸಣ್ಣ ಪ್ರಮಾಣದಲ್ಲಿ ವಿದ್ಯುತ್ ಹರಿಸುವುದು ಅದೇ ಉಪಾಯ. ಆಸಿಡ್ಡಿನ ಗುಣ ನೋಡಿ ಲೋಹ ಆರಿಸುತ್ತಾರೆ. ಉಕ್ಕಿನ ಒಳಮೈಗೆ ರಬ್ಬರು, ಗಾಜು, ಪ್ಲಾಸ್ಟಿಕ್ಕು ಹೊದಿಸುತ್ತಾರೆ. ಹೊರಮೈಗೆ ಬಣ್ಣ ಬಳಿಯುತ್ತಾರೆ. ಹರಿಯುವ ದ್ರವಕ್ಕೆ ಸವೆತ ತಗ್ಗಿಸುವ ಮದ್ದು ಬೆರೆಸುತ್ತಾರೆ. ಇಷ್ಟಾದರೂ ಸ್ವಲ್ಪ ಸವೆದೇ ಸವೆಯುತ್ತದೆ ಎಂದು ಲೆಕ್ಕ ಹಾಕಿ, ಪಾತ್ರೆಯ ಗೋಡೆಯನ್ನು ಬೇಕಾದುದಕ್ಕಿಂತ ಕೆಲವು ಮಿಲಿಮೀಟರು ದಪ್ಪವಾಗಿಯೇ ಮಾಡಿಸುತ್ತಾರೆ.

ಆ ಹೆಚ್ಚಿನ ದಪ್ಪ ಕಾರ್ಖಾನೆಯ ಉಳಿತಾಯ ಖಾತೆ ಇದ್ದಂತೆ. ವರ್ಷ ವರ್ಷ ಎಷ್ಟು ಖರ್ಚಾಯಿತು, ಇನ್ನೆಷ್ಟು ಉಳಿದಿದೆ ಎಂದು ನೋಡುತ್ತಲೇ ಇರಬೇಕು. ನೋಡುವುದಕ್ಕೆ ಪೈಪನ್ನು ಕತ್ತರಿಸಬೇಕಾಗಿಲ್ಲ. ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಯನ್ನು ಹೊರಗಿನಿಂದ ಉಕ್ಕಿನೊಳಕ್ಕೆ ಕಳಿಸಿ, ಅದು ಒಳಗೋಡೆಗೆ ತಾಗಿ ಮರಳುವ ಹೊತ್ತನ್ನು ಅಳೆದು ದಪ್ಪ ಹೇಳುವ ಕೈಯಂತ್ರ ಇದೆ. ಕಳೆದ ಸಲ 8 ಮಿಲಿಮೀಟರು, ಈ ಸಲ 7 ಎಂದು ಬರೆದಿಟ್ಟರೆ ಇನ್ನೆಷ್ಟು ವರ್ಷ ತಾಳುತ್ತದೆ ಎಂಬುದು ಶಾಲೆಯ ಮಗು ಮಾಡುವ ಲೆಕ್ಕ. ಹಾಗಾದರೆ ಕಾರ್ಖಾನೆಗಳು ಯಾಕೆ ಸಿಡಿಯುತ್ತವೆ? ನಡೆದ ಮೂರು ಸಂಗತಿಗಳನ್ನು ನೋಡೋಣ.

ಮೊದಲನೆಯದು ಅಮೆರಿಕದ ಡೆಲವೇರ್ ರಾಜ್ಯದ್ದು. ಅದಕ್ಕೆ ಮುಂಚೆ ಗಂಧಕಾಮ್ಲದ ಒಂದು ಗುಣವನ್ನು ತಿಳಿಯಬೇಕು. ಸಲ್ಫ್ಯೂರಿಕ್ ಆಸಿಡ್ ಎನ್ನುವುದು ಇದನ್ನೇ. ಗೊಬ್ಬರದ ಕಾರ್ಖಾನೆಗಳಲ್ಲಿ ಟನ್ನುಗಟ್ಟಲೆ ಬೇಕಾಗುವ ವಸ್ತು. ಇದು ಗಟ್ಟಿಯಾಗಿದ್ದಾಗ ಸಾಧಾರಣ ಉಕ್ಕಿನ ಟ್ಯಾಂಕಿನಲ್ಲಿಯೇ ಇಡಬಹುದು. ಆಸಿಡ್ಡು ತಾಗಿದೊಡನೆ ಉಕ್ಕಿನ ಮೇಲೆ ಒಂದು ಪೊರೆ ಕಟ್ಟಿ, ಆ ಪೊರೆಯೇ ಒಳಗಿನ ಉಕ್ಕನ್ನು ಕಾಯುತ್ತದೆ. ಅದಕ್ಕೆ ನೀರು ಸೇರಿ ತೆಳುವಾಯಿತೋ, ಪೊರೆ ನಿಲ್ಲುವುದಿಲ್ಲ, ಉಕ್ಕನ್ನು ತಿನ್ನತೊಡಗುತ್ತದೆ. ತಿನ್ನುವಾಗ ಜಲಜನಕ ಅನಿಲ ಹುಟ್ಟುತ್ತದೆ, ಅದು ಕಿಡಿ ಸಿಕ್ಕಿದರೆ ಹತ್ತಿಕೊಳ್ಳುವಂಥದು. ಮಳೆಗಾಲದ ತೇವದ ಗಾಳಿ ಒಳಕ್ಕೆ ಹೋದರೂ ಸಾಕು, ಟ್ಯಾಂಕಿನ ಮೇಲ್ಭಾಗದ ಗೋಡೆಗೆ ಅಂಟಿದ ಆಸಿಡ್ಡು ತೆಳುವಾಗುತ್ತದೆ. ಗಟ್ಟಿ ಆಸಿಡ್ಡಿಗಿಂತ ತೆಳು ಆಸಿಡ್ಡು ಉಕ್ಕಿಗೆ ಹೆಚ್ಚು ಕೆಟ್ಟದ್ದು ಎಂದರೆ ನಂಬುವುದು ಕಷ್ಟ, ಆದರೆ ಅದೇ ನಿಜ.

ಡೆಲವೇರ್ ಸಿಟಿಯಲ್ಲಿ ಮೋಟಿವಾ ಎಂಬ ಕಂಪನಿಯ ತೈಲ ಶುದ್ಧೀಕರಣ ಕಾರ್ಖಾನೆ ಇತ್ತು. ಅಲ್ಲಿ ಬಳಸಿದ ಗಂಧಕಾಮ್ಲವನ್ನು ತುಂಬಿಡುವ ಟ್ಯಾಂಕುಗಳಲ್ಲಿ ಒಂದಕ್ಕೆ 393 ಎಂದು ನಂಬರು. 1979ರಲ್ಲಿ ಕಟ್ಟಿದ ಆ ಟ್ಯಾಂಕಿನ ಗೋಡೆ ಮತ್ತೆ ಮತ್ತೆ ಸೋರಿತ್ತು. ಅದನ್ನು ಖಾಲಿ ಮಾಡಿ ಒಳಗೆ ಇಳಿದು ಪರೀಕ್ಷಿಸಬೇಕೆಂದು ಕಾರ್ಖಾನೆಯ ತಪಾಸಣೆಗಾರರೇ ಹಲವು ಸಲ ಬರೆದಿದ್ದರು. ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು. 2001ರ ಜೂನ್ ತಿಂಗಳಲ್ಲಿ, ಛಾವಣಿಯಲ್ಲೂ ಗೋಡೆಯಲ್ಲೂ ತೂತು ಬಿದ್ದಿದೆ, ಇದು ಅಪಾಯ ಎಂದು ಕೆಲಸಗಾರರ ಕಡೆಯಿಂದ ಲಿಖಿತ ವರದಿಯೇ ಹೋಯಿತು. ಅದಾದ ಮೇಲೆಯೂ ಟ್ಯಾಂಕಿನಲ್ಲಿ ಆಸಿಡ್ಡು ಹಾಗೆಯೇ ಇತ್ತು. ಬಳಸಿದ ಆಸಿಡ್ಡಾದ್ದರಿಂದ ಅದರಲ್ಲಿ ಬೆಂಕಿ ಹತ್ತುವ ಎಣ್ಣೆಯ ಅಂಶವೂ ಬೆರೆತಿತ್ತು. 2001ರ ಜುಲೈ 17ರಂದು ಕಾಂಟ್ರಾಕ್ಟ್ ಕೆಲಸಗಾರರು ಟ್ಯಾಂಕುಗಳ ಮೇಲೆ ಓಡಾಡುವ ಕಬ್ಬಿಣದ ಹಾದಿಯನ್ನು ದುರಸ್ತಿ ಮಾಡುತ್ತಿದ್ದರು. ಆ ಹಾದಿಯನ್ನೂ ಆಸಿಡ್ಡಿನ ಹಬೆ ತಿಂದುಹಾಕಿತ್ತು. ಕೆಲಸದ ಕಿಡಿ ತೂತಿನಿಂದ ಹೊರಬರುತ್ತಿದ್ದ ಅನಿಲಕ್ಕೆ ತಾಗಿತು. ಟ್ಯಾಂಕು ತಳದಿಂದ ಕಿತ್ತು ಕುಸಿಯಿತು. ಒಬ್ಬ ಕಾಂಟ್ರಾಕ್ಟ್ ಕೆಲಸಗಾರ ಸತ್ತ, 8 ಮಂದಿ ಗಾಯಗೊಂಡರು. ಆಸಿಡ್ಡು ಹರಿದು ಡೆಲವೇರ್ ನದಿ ಸೇರಿ ಮೀನುಗಳು ಸತ್ತವು.

ಇಲ್ಲಿ ತಿಳಿಯದೆ ಆದದ್ದು ಏನಿದೆ? ತುಕ್ಕು ಕಂಡಿತ್ತು, ಕಂಡವರು ಹೇಳಿದ್ದರು, ಹೇಳಿದ್ದು ಕಾಗದದಲ್ಲೂ ಇತ್ತು. ಕಾಗದ ಒಂದು ಮೇಜಿನ ಮೇಲೆ ಕೂತಿತ್ತು, ಮನುಷ್ಯ ಟ್ಯಾಂಕಿನ ಮೇಲೆ ನಿಂತಿದ್ದ. 2002ರಲ್ಲಿ ಡೆಲವೇರ್ ರಾಜ್ಯ ಇಂಥ ಟ್ಯಾಂಕುಗಳ ತಪಾಸಣೆಗೆ ಹೊಸ ಕಾನೂನು ಮಾಡಿ, ಅದಕ್ಕೆ ಸತ್ತ ಆ ಕೆಲಸಗಾರನ ಹೆಸರನ್ನೇ ಇಟ್ಟಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ.

ಎರಡನೆಯ ಸಂಗತಿ ಅದೇ ದೇಶದ ಫಿಲಡೆಲ್ಫಿಯಾ ನಗರದ್ದು. 2019ರ ಜೂನ್ 21ರ ಬೆಳಗಿನ ಜಾವ ಅಲ್ಲಿನ ದೊಡ್ಡ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಪೈಪಿನ ಒಂದು ಮೊಣಕೈ ತುಂಡು, ಅಂದರೆ ಬಾಗಿದ ಜೋಡಣೆ, ಒಡೆದು ಬೆಂಕಿ ಎದ್ದಿತು. ಸ್ಫೋಟದ ಹೊಡೆತಕ್ಕೆ ಪಾತ್ರೆಯೊಂದರ ಲಾರಿಯಷ್ಟು ತೂಕದ ತುಂಡು ಹಾರಿ ನದಿಯ ಆಚೆ ದಡಕ್ಕೆ ಬಿತ್ತು. ಪ್ರಾಣಹಾನಿಯಾಗದೆ ಉಳಿದದ್ದು ದೊಡ್ಡದು; ಆ ಪೈಪಿನಲ್ಲಿ ಎಣ್ಣೆಯ ಅನಿಲದ ಜೊತೆ ಇದ್ದದ್ದು ಹೈಡ್ರೋಫ್ಲೋರಿಕ್ ಆಸಿಡ್ಡು, ಮೂಗಿಗೆ ಹೋದರೂ ಚರ್ಮಕ್ಕೆ ತಾಗಿದರೂ ಕೊಲ್ಲಬಲ್ಲ ವಿಷ. ತನಿಖೆ ಮಾಡಿದವರು ಒಡೆದ ತುಂಡನ್ನು ಅಳೆದರು. ಕಾರ್ಖಾನೆಯ ನಿಯಮದ ಪ್ರಕಾರ ಸುಮಾರು 4.6 ಮಿಲಿಮೀಟರಿಗೆ ಇಳಿದಾಗಲೇ ಬದಲಿಸಬೇಕಿದ್ದ ಆ ಗೋಡೆ ಒಡೆದ ಜಾಗದಲ್ಲಿ 0.3 ಮಿಲಿಮೀಟರಿಗೆ ಬಂದಿತ್ತು. ಕಾಗದದ ರಟ್ಟಿನಷ್ಟು ತೆಳು.

ಅಲ್ಲಿ ಅಳತೆಯೇ ಮಾಡಿರಲಿಲ್ಲವೇ? ಮಾಡಿದ್ದರು. ಅದೇ ಪೈಪಿನ ಬೇರೆ ಜಾಗಗಳನ್ನು ಅಳೆದು ನೋಡಿ ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದರು. ಸುಮಾರು 1973ರ ಕಾಲದಿಂದ ಇದ್ದ ಆ ಒಂದು ತುಂಡಿನ ಉಕ್ಕಿನಲ್ಲಿ ಮಾತ್ರ ನಿಕ್ಕಲ್ಲು, ತಾಮ್ರದ ಅಂಶ ಹೆಚ್ಚಾಗಿತ್ತು. ಅಂಥ ಉಕ್ಕನ್ನು ಈ ಆಸಿಡ್ಡು ಬೇಗ ತಿನ್ನುತ್ತದೆ ಎಂಬುದು ಆ ಉದ್ಯಮಕ್ಕೆ ಮೊದಲೇ ತಿಳಿದಿತ್ತು. ನೆರೆಯ ತುಂಡುಗಳು ಗಟ್ಟಿಯಾಗಿದ್ದವು, ಅದೊಂದು ಸೊರಗಿತ್ತು. ಅದನ್ನೇ ಯಾರೂ ಅಳೆಯಲಿಲ್ಲ. ತಗಡು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ ಎಂದು ಮೇಲೆ ಹೇಳಿದೆವಲ್ಲ, ಇದು ಅದರದೇ ದೊಡ್ಡ ರೂಪ. ಹತ್ತು ಮನೆ ನೋಡಿ ಲೈನೆಲ್ಲ ಚೆನ್ನಾಗಿದೆ ಎಂದು ಬರೆದರೆ ಹನ್ನೊಂದನೆಯ ಮನೆಯ ಸೋರುವ ಮೂಲೆ ಕಾಣುವುದಿಲ್ಲ. ಅನಾಹುತವಾದ ಕೆಲವೇ ದಿನಗಳಲ್ಲಿ ಕಂಪನಿ ಕಾರ್ಖಾನೆಯನ್ನು ಮುಚ್ಚುವುದಾಗಿ ಹೇಳಿತು. ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ತಪಾಸಣೆ ಕೇಳಿದರೆ ಕಾರ್ಖಾನೆ ಮುಚ್ಚಿಹೋಗಿ ಅನ್ನಕ್ಕೆ ಸಂಚಕಾರ ಬರುತ್ತದೆ ಎಂದು ಹೆದರಿಸುವವರು ಇದನ್ನು ನೆನಪಿಡಬೇಕು. ಅಲ್ಲಿ ಅನ್ನ ಕಿತ್ತುಕೊಂಡದ್ದು ತಪಾಸಣೆ ಅಲ್ಲ, ತುಕ್ಕು.

ಮೂರನೆಯದು ನಮ್ಮ ದೇಶದ್ದೇ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಸೆವಿನ್ ಎಂಬ ಕೀಟನಾಶಕ ತಯಾರಾಗುತ್ತಿತ್ತು. ಅದಕ್ಕೆ ಬೇಕಾದ ಮೀಥೈಲ್ ಐಸೋಸೈನೇಟ್ ಎಂಬ ವಿಷವನ್ನು ನೆಲದಡಿಯ ಉಕ್ಕಿನ ಟ್ಯಾಂಕುಗಳಲ್ಲಿ ತುಂಬಿಟ್ಟಿದ್ದರು. 1984ರ ಡಿಸೆಂಬರ್ 2ರ ರಾತ್ರಿ 610ನೆಯ ನಂಬರಿನ ಟ್ಯಾಂಕಿಗೆ ನೀರು ಹೊಕ್ಕು ಒಳಗೆ ಬಿಸಿ ಏರಿತು. ಬಿಸಿಗೆ ಟ್ಯಾಂಕಿನ ಉಕ್ಕೇ ಸವೆಯಿತು. ಹಾಗೆ ಕರಗಿ ಬಂದ ಕಬ್ಬಿಣದ ಅಂಶ ಒಳಗಿನ ಕ್ರಿಯೆಯನ್ನು ಇನ್ನಷ್ಟು ಕೆರಳಿಸಿತು ಎಂದು ತನಿಖೆಗಳು ಹೇಳಿವೆ. ಸುಮಾರು 40 ಟನ್ ವಿಷ ಮಲಗಿದ್ದ ಊರಿನ ಮೇಲೆ ಹರಡಿತು. ಸಾವಿರಾರು ಜನ ಸತ್ತರು, ಬದುಕಿದವರಲ್ಲಿ ಲಕ್ಷಾಂತರ ಮಂದಿ ರೋಗ ಹೊತ್ತು ಬಾಳಬೇಕಾಯಿತು. ನೀರು ಹೇಗೆ ಹೊಕ್ಕಿತು ಎಂಬ ಬಗ್ಗೆ ಕಂಪನಿಯವರ ಮಾತು ಒಂದು, ಕೆಲಸಗಾರರ ಮಾತು ಇನ್ನೊಂದು. ಆ ವಾದ ಹೇಗೇ ಇರಲಿ, ಒಂದು ಸಂಗತಿಯಲ್ಲಿ ವಾದವಿಲ್ಲ. ಹೊರಬರುವ ಅನಿಲವನ್ನು ಎತ್ತರದಲ್ಲಿ ಸುಟ್ಟುಹಾಕಲು ಒಂದು ಉರಿಗೋಪುರ ಇತ್ತು. ಅದಕ್ಕೆ ಹೋಗುವ ಪೈಪಿನ ಒಂದು ತುಂಡನ್ನು ತುಕ್ಕು ತಿಂದಿತ್ತು. ಬದಲಿಸಲೆಂದು ಅದನ್ನು ಬಿಚ್ಚಿಟ್ಟಿದ್ದರು, ಬೇರೆ ತುಂಡು ಹಾಕಿರಲಿಲ್ಲ. ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು 1984ರ ಜೂನ್ ತಿಂಗಳಲ್ಲೇ ನಿಲ್ಲಿಸಿದ್ದರು. ಹೀಗಾಗಿ ಕಾಯಬೇಕಾದ ಸಮಯದಲ್ಲಿ ಕಾವಲುಗಾರ ಇರಲಿಲ್ಲ.

ಭೋಪಾಲದಲ್ಲಿ ತುಕ್ಕೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಕಾರಣಗಳು ಹಲವು. ಆದರೆ ತುಕ್ಕು ಹಿಡಿದ ಪೈಪನ್ನು ಬಿಚ್ಚುವುದು ಅರ್ಧ ಕೆಲಸ ಮಾತ್ರ. ಅದರ ಜಾಗಕ್ಕೆ ಹೊಸದು ಬರುವ ತನಕ ಆ ಪೈಪಿನ ಭರವಸೆಯ ಮೇಲಿದ್ದ ವಿಷವನ್ನು ಅಲ್ಲಿ ಇಟ್ಟುಕೊಳ್ಳಬಾರದು. ಆ ಕಾರ್ಖಾನೆಯ ಬಗ್ಗೆ ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಲ್ಲಿಯೇ ಪತ್ರಿಕೆಯಲ್ಲಿ ಎಚ್ಚರಿಸಿದ್ದರು. ಅಲ್ಲಿಯೂ ಹೇಳಿದವರಿದ್ದರು; ಕೇಳಿದವರಿರಲಿಲ್ಲ.

ಮೂರು ಕಡೆಯೂ ಕೊರತೆ ಇದ್ದದ್ದು ವಿದ್ಯೆಯದ್ದಲ್ಲ. ಡೆಲವೇರಿನಲ್ಲಿ ಹೇಳಿದ್ದನ್ನು ಮಾಡಲಿಲ್ಲ. ಫಿಲಡೆಲ್ಫಿಯಾದಲ್ಲಿ ಅಳೆಯಬೇಕಾದ ಜಾಗವನ್ನು ಅಳೆಯಲಿಲ್ಲ. ಭೋಪಾಲದಲ್ಲಿ ಅರ್ಧ ದುರಸ್ತಿ ಮಾಡಿ ಬಿಟ್ಟರು.

ಇನ್ನು ನಮ್ಮ ಹುಡುಗರಿಗೆ ನೇರವಾಗಿ ತಗಲುವ ಎರಡು ಅಪಾಯಗಳನ್ನು ಹೇಳಬೇಕು. ಎರಡೂ ಕಣ್ಣಿಗೆ ಕಾಣುವಂಥವಲ್ಲ.

ಒಂದು, ಹೊದಿಕೆಯಡಿಯ ತುಕ್ಕು. ಬಿಸಿ ಪೈಪುಗಳಿಗೆ ಶಾಖ ಹೋಗದಂತೆ ನಾರಿನ ದಪ್ಪ ಹೊದಿಕೆ ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿರುತ್ತಾರೆ. ಹೊರಗಿನಿಂದ ಥಳಥಳ ಹೊಳೆಯುತ್ತದೆ. ತಗಡಿನ ಸಂದಿಯಿಂದ ಮಳೆನೀರು ಒಳಗೆ ಇಳಿದರೆ ನಾರು ಅದನ್ನು ಹೀರಿ ಹಿಡಿದುಕೊಳ್ಳುತ್ತದೆ. ಬಿಸಿ, ನೀರು, ಗಾಳಿ ಮೂರೂ ಕೂಡಿದ ಆ ಜಾಗದಲ್ಲಿ ಉಕ್ಕು ಯಾರಿಗೂ ಕಾಣದಂತೆ ಕರಗುತ್ತದೆ. ಹೊದಿಕೆಯ ಮೇಲೆ ಕಾಲಿಟ್ಟು ಹತ್ತಿ ತಗ್ಗು ಮಾಡಿದರೆ ನೀರಿಗೆ ದಾರಿ ಮಾಡಿಕೊಟ್ಟಂತೆ. ಹೊದಿಕೆ ಉಬ್ಬಿದ್ದರೆ, ಸಂದಿಯಿಂದ ಕೆಂಪು ನೀರು ಇಳಿದ ಕಲೆ ಇದ್ದರೆ, ಅದನ್ನು ಒರೆಸಿ ಬಣ್ಣ ಬಳಿಯಬಾರದು, ತೋರಿಸಬೇಕು. ಪೈಪಿನೊಳಗೆ ಒತ್ತಡ ಇರುವಾಗ ತುಕ್ಕಿನ ಚಕ್ಕೆಯನ್ನು ಸುತ್ತಿಗೆಯಿಂದ ಬಡಿಯಲೂಬಾರದು. ಎಷ್ಟೋ ಸಲ ಆ ಚಕ್ಕೆಯೇ ತೂತನ್ನು ಮುಚ್ಚಿಕೊಂಡು ನಿಂತಿರುತ್ತದೆ.

ಎರಡು, ಮುಚ್ಚಿದ ಟ್ಯಾಂಕಿನೊಳಗಿನ ಗಾಳಿ. ತುಕ್ಕು ಹಿಡಿಯುವುದೆಂದರೆ ಕಬ್ಬಿಣ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುವುದು. ಖಾಲಿ ಉಕ್ಕಿನ ಟ್ಯಾಂಕನ್ನು ಒಳಗೆ ತೇವವಿದ್ದಂತೆಯೇ ಬಹಳ ದಿನ ಮುಚ್ಚಿಟ್ಟರೆ ಒಳಗೋಡೆಯ ತುಕ್ಕು ಅಲ್ಲಿರುವ ಉಸಿರನ್ನೆಲ್ಲ ಕುಡಿದುಬಿಡುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು. ಶೇ. 19.5ಕ್ಕಿಂತ ಕೆಳಗಿಳಿದರೆ ಒಳಗೆ ಹೋಗಬಾರದೆಂದು ಸುರಕ್ಷತೆಯ ನಿಯಮ. ಶೇ. 10ಕ್ಕಿಂತ ಕೆಳಗೆ ಮನುಷ್ಯ ಕೂಗುವ ಮೊದಲೇ ಎಚ್ಚರ ತಪ್ಪಿ ಬೀಳುತ್ತಾನೆ. ವಾಸನೆ ಇಲ್ಲ, ಬಣ್ಣ ಇಲ್ಲ, ಆಸಿಡ್ಡಿಲ್ಲ, ವಿಷವಿಲ್ಲ. ಬರೀ ಖಾಲಿ ಟ್ಯಾಂಕು. ಬಿದ್ದವನನ್ನು ಎತ್ತಲು ಇಳಿದ ಗೆಳೆಯನೂ ಅಲ್ಲೇ ಬೀಳುತ್ತಾನೆ. ಬಾವಿಯಲ್ಲಿ ದೀಪ ಇಳಿಸಿ ನೋಡುವ ಹಳೆಯ ರೂಢಿಯನ್ನು ಇಲ್ಲಿ ಮಾಡಬಾರದು, ಕಾರ್ಖಾನೆಯಲ್ಲಿ ಬೆಂಕಿಯೇ ಅಪಾಯ. ಅಳೆಯುವ ಯಂತ್ರ ಇದೆ, ಅದರಿಂದ ಅಳೆದು, ಗಾಳಿ ಹಾಯಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಒಬ್ಬ ಕಾವಲು ನಿಂತ ಮೇಲೆಯೇ ಇಳಿಯಬೇಕು. ಇಷ್ಟಿಲ್ಲದೆ ಇಳಿ ಎಂದು ಯಾರೇ ಹೇಳಿದರೂ ಇಳಿಯಬೇಡ ಎಂದು ನಮ್ಮ ಮಕ್ಕಳಿಗೆ ಹೇಳುತ್ತೇವೆ.

ಇದೆಲ್ಲಕ್ಕೂ ಖರ್ಚಾಗುತ್ತದೆ, ಕಾರ್ಖಾನೆ ನಿಲ್ಲಿಸಿದ ಒಂದೊಂದು ದಿನವೂ ನಷ್ಟ ಎಂದು ಆಡಳಿತದವರು ಹೇಳುತ್ತಾರೆ. ಆ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಲೆಕ್ಕವನ್ನು ಮಾತ್ರ ಪೂರ್ತಿ ಮಾಡೋಣ ಎನ್ನುತ್ತೇವೆ. ತುಕ್ಕು ತಡೆಯುವ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯೊಂದು 2016ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಲೋಹದ ಸವೆತದಿಂದ ಲೋಕಕ್ಕೆ ಆಗುವ ವೆಚ್ಚ ವರ್ಷಕ್ಕೆ 2.5 ಲಕ್ಷ ಕೋಟಿ ಡಾಲರು, ಲೋಕದ ಒಟ್ಟು ಉತ್ಪನ್ನದ ಶೇ. 3.4ರಷ್ಟು. ಈಗಾಗಲೇ ತಿಳಿದಿರುವ ಉಪಾಯಗಳನ್ನು ಸರಿಯಾಗಿ ನಡೆಸಿದರೆ ಅದರಲ್ಲಿ ಶೇ. 15ರಿಂದ 35ರವರೆಗೆ ಉಳಿಸಬಹುದೆಂದೂ ಆ ಅಧ್ಯಯನ ಹೇಳಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎನ್ನುತ್ತೇವಲ್ಲ, ತಪಾಸಣೆ ಉಳಿಸಿ ದುರಂತ ಕೊಳ್ಳುವವರ ವ್ಯಾಪಾರ ಅದೇ. ಈ ಲೆಕ್ಕದಲ್ಲಿ ಸತ್ತ ಮಗನ ತಾಯಿಯ ಪಾಲು ಸೇರಿಲ್ಲ.

ಹೇಳುವ ಬಾಯಿಗೆ ಕಾನೂನಿನ ಬಲವೂ ಇದೆ. ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ಅಪಾಯಕಾರಿ ಕಾರ್ಖಾನೆಗಳಿಗಾಗಿ ಒಂದು ಹೊಸ ಅಧ್ಯಾಯವನ್ನೇ ಸೇರಿಸಿದರು. ಪ್ರಾಣಾಪಾಯ ಸನ್ನಿಹಿತವಾಗಿದೆ ಎಂದು ಕೆಲಸಗಾರನಿಗೆ ಸಕಾರಣವಾಗಿ ತೋರಿದರೆ ಆಡಳಿತಕ್ಕೂ ಅದೇ ಹೊತ್ತಿಗೆ ಇನ್ಸ್‌ಪೆಕ್ಟರಿಗೂ ತಿಳಿಸುವ ಹಕ್ಕನ್ನು ಅದು ಕೊಟ್ಟಿತು. ಆ ಹಳೆಯ ಕಾಯಿದೆಯ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿಯೂ ಈ ಹಕ್ಕು ಇದೆ. ತನ್ನ ಸುರಕ್ಷತೆಯ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯುವ ಹಕ್ಕೂ ಇದೆ. ಆದರೆ ಕಾಂಟ್ರಾಕ್ಟ್ ಆಳಿಗೆ ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಇವತ್ತು ತೂತು ತೋರಿಸಿದವನಿಗೆ ನಾಳೆ ಗೇಟಿನಲ್ಲಿ ಪಾಸು ಸಿಗುವುದಿಲ್ಲ ಎಂಬ ಹೆದರಿಕೆ ಇರುವ ತನಕ ಅವನು ಬಾಯಿ ಮುಚ್ಚಿಕೊಂಡೇ ಇರುತ್ತಾನೆ.

ಆದ್ದರಿಂದ ನಾವು ಕೇಳುವುದು ಇಷ್ಟು. ತುಕ್ಕು ಕಂಡವನು ಕಾಯಂ ನೌಕರನಿರಲಿ, ದಿನಗೂಲಿಯವನಿರಲಿ, ಅವನ ಮಾತನ್ನು ಬರೆದುಕೊಳ್ಳುವ ಒಂದು ಪುಸ್ತಕ ಇರಬೇಕು. ಬರೆದದ್ದಕ್ಕೆ ತಾರೀಖು ಹಾಕಿ ಉತ್ತರ ಕೊಡಬೇಕು. ಒಮ್ಮೆ ಮುಂದೂಡಿದ ತಪಾಸಣೆಯನ್ನು ಮತ್ತೊಮ್ಮೆ ಮುಂದೂಡುವುದಾದರೆ ಯಾರು, ಯಾವ ಕಾರಣಕ್ಕೆ ಎಂದು ಸಹಿ ಹಾಕಬೇಕು. ಕಾಂಟ್ರಾಕ್ಟ್ ಕೆಲಸಗಾರರ ಭಾಷೆಯಲ್ಲಿ, ಅದು ಕನ್ನಡವೋ ತಮಿಳೋ ಮಲಯಾಳವೋ ಹಿಂದಿಯೋ, ಆ ದಿನ ಕೆಲಸ ಮಾಡುವ ಪೈಪಿನಲ್ಲಿ ಏನಿದೆ ಎಂದು ಕೆಲಸಕ್ಕೆ ಮುಂಚೆ ಹೇಳಬೇಕು. ತೋರಿಸಿದ್ದಕ್ಕಾಗಿ ಯಾರನ್ನೂ ಕೆಲಸದಿಂದ ತೆಗೆಯಬಾರದು. ಇದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿ ಬೇಕಿಲ್ಲ.

ತೋಟದಲ್ಲೇ ಇರುವ ತಂದೆತಾಯಂದಿರು ದೂರದ ಕಾರ್ಖಾನೆಗೆ ಏನು ಮಾಡಬಲ್ಲರು ಎಂದು ಕೈ ಚೆಲ್ಲಬಾರದು. ಮಗ ಹಬ್ಬಕ್ಕೆ ಊರಿಗೆ ಬಂದಾಗ ಸಂಬಳ ಎಷ್ಟು, ಊಟ ಹೇಗೆ ಎಂದು ಕೇಳುತ್ತೇವೆ. ಜೊತೆಗೆ ಇನ್ನು ನಾಲ್ಕು ಮಾತು ಕೇಳಿ. ನೀನು ಕೆರೆಯುವ ಪೈಪಿನಲ್ಲಿ ಏನು ಹರಿಯುತ್ತದೆ, ನಿನಗೆ ಹೇಳಿದ್ದಾರೆಯೇ? ಟ್ಯಾಂಕಿಗೆ ಇಳಿಯುವ ಮೊದಲು ಗಾಳಿ ಅಳೆಯುತ್ತಾರೆಯೇ, ಮೇಲೆ ಯಾರಾದರೂ ನಿಲ್ಲುತ್ತಾರೆಯೇ? ವೆಲ್ಡಿಂಗ್ ಮಾಡುವ ಜಾಗದ ಪಕ್ಕದ ಟ್ಯಾಂಕು ಸೋರುತ್ತಿದೆಯೇ? ಸೋರುವುದನ್ನು ಕಂಡರೆ ಯಾರಿಗೆ ಹೇಳಬೇಕೆಂದು ನಿನಗೆ ಗೊತ್ತೇ? ಇವುಗಳಿಗೆ ಅವನ ಬಳಿ ಉತ್ತರ ಇಲ್ಲದಿದ್ದರೆ, ಹಬ್ಬ ಮುಗಿಸಿ ಹಿಂತಿರುಗಿದ ಮೇಲೆ ಒಬ್ಬನೇ ಕೇಳಬೇಕಾಗಿಲ್ಲ. ಜೊತೆಯ ನಾಲ್ಕು ಜನ ಕೂಡಿ, ಸಂಘವಿದ್ದರೆ ಸಂಘದ ಮೂಲಕ, ಇಲ್ಲದಿದ್ದರೆ ಒಂದು ಕಾಗದಕ್ಕೆ ಎಲ್ಲರೂ ಸಹಿ ಹಾಕಿ ಕೇಳಲಿ. ಕಾಗದದ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಲಿ.

ತುಕ್ಕನ್ನು ಪೂರ್ತಿ ನಿಲ್ಲಿಸಿದವರು ಲೋಕದಲ್ಲಿ ಯಾರೂ ಇಲ್ಲ. ಅದರ ಜೊತೆ ಬಾಳುವುದನ್ನು ಕಲಿತವರು ಇದ್ದಾರೆ. ಅವರು ಅದನ್ನು ಹುಡುಕುತ್ತಾರೆ, ಅಳೆಯುತ್ತಾರೆ, ಬರೆದಿಡುತ್ತಾರೆ, ಬರೆದಂತೆ ನಡೆಯುತ್ತಾರೆ. ಕೊನೆಯ ಕೆಲಸ ಯಂತ್ರದಿಂದ ಆಗುವುದಲ್ಲ, ಮನುಷ್ಯರಿಂದ ಆಗಬೇಕಾದದ್ದು. ಅದನ್ನು ಮಾಡಿಸುವ ತನಕ ಕೇಳುತ್ತಲೇ ಇರುವುದು ನಮ್ಮ ಪಾಲಿನ ಕೆಲಸ.